ನಾವು ಭಂಡಾರಿಗರು

ಬರಲಿರುವ ಸಂಗಾತಿಗಳೇ,

ನಮ್ಮ ಹಾಡಿಗೆ, ನಮ್ಮ ಪುಸ್ತಕಕ್ಕೆ, ನಮ್ಮ ಚಿತ್ರಗಳಿಗೆ ಬೀಗ ಜಡಿದು ಕೀಲಿಯನ್ನು ದೂರದ ನಗರಗಳಲ್ಲಿ ಇಟ್ಟುಕೊಂಡ ವ್ಯವಸ್ಥೆಯ ಕಾಲ ತೀರಿದೆ. ಕಾಪಾಡುತ್ತೇನೆಂದದ್ದನ್ನು ಅದು ಕಾಪಾಡಲಿಲ್ಲ. ಹಂಚುತ್ತೇನೆಂದದ್ದನ್ನು ಹಂಚಲಿಲ್ಲ. ಅದರೊಡನೆ ವಾದಕ್ಕೆ ಕೂರಲು ನಮಗೆ ಪುರುಸೊತ್ತಿಲ್ಲ, ಕೆಲಸ ಬೆಟ್ಟದಷ್ಟಿದೆ. ಆ ಕೆಲಸಕ್ಕೆ ನಮ್ಮೊಂದಿಗೆ ಹೆಗಲು ಕೊಡಲಿರುವ ನಿಮಗಾಗಿ ಈ ಪ್ರಣಾಳಿಕೆ.

ನಾವು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯವರು. ತೊಗರಿ ಬೆಳೆದವರ, ಫರಸಿ ಕಲ್ಲು ಸೀಳಿದವರ, ಸಿಮೆಂಟ್ ಧೂಳು ಕುಡಿದು ಪಾಳಿ ಮುಗಿಸಿದವರ, ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ಗಾಡಿಗೆ ಕಾದವರ ಮಕ್ಕಳು. ನಮ್ಮಲ್ಲಿ ಡಿಟಿಪಿ ಅಂಗಡಿ ನಡೆಸುವವರಿದ್ದಾರೆ, ಸರಕಾರಿ ಶಾಲೆಯ ಮಾಸ್ತರರಿದ್ದಾರೆ, ಅರಿವು ಕೇಂದ್ರದ ಮೇಲ್ವಿಚಾರಕಿಯರಿದ್ದಾರೆ, ಭಜನಾ ಮೇಳದವರಿದ್ದಾರೆ, ತಾಂಡಾದಿಂದ ಕಾಲೇಜಿಗೆ ಬಂದ ಮೊದಲ ಹುಡುಗಿಯರಿದ್ದಾರೆ. ಮನೆಯಲ್ಲಿ ಕನ್ನಡ, ದಖನಿ, ತೆಲುಗು, ಗೋರ್‌ಬೋಲಿ ಆಡುತ್ತೇವೆ. ಹಿಂದುಳಿದವರೆಂದು ನಮ್ಮನ್ನು ಕರೆದು ಕರೆದು ಅಭ್ಯಾಸವಾದವರಿಗೆ ನಾವು ಮೊದಲು ಒಂದು ಶಾಸನವನ್ನು ತೋರಿಸುತ್ತೇವೆ.

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. ಚಾಲುಕ್ಯ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ ಹಾಕಿಸಿದ ಶಾಸನ ಅಲ್ಲಿಯ ವ್ಯವಸ್ಥೆಯನ್ನು ವಿವರವಾಗಿ ಹೇಳುತ್ತದೆ. ವೇದ ಓದುವವರಿಗೆ, ಶಾಸ್ತ್ರ ಓದುವವರಿಗೆ ಊಟ ವಸತಿ, ಕಲಿಸುವ ಉಪಾಧ್ಯಾಯರಿಗೆ ಭೂಮಿ. ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಗಳನ್ನು ಕಾಯುವುದು, ಕೇಳಿದವರಿಗೆ ತೆಗೆದುಕೊಡುವುದು ಒಂದು ವೃತ್ತಿಯೆಂದು, ಅದಕ್ಕೆ ಸಮಾಜ ಅನ್ನ ಕೊಡಬೇಕೆಂದು ಸಾವಿರ ವರ್ಷದ ಹಿಂದೆ ನಮ್ಮ ತಾಲೂಕಿನವರು ಕಲ್ಲಿನಲ್ಲಿ ಕೊರೆಸಿದ್ದರು. ಆ ಘಟಿಕಾಸ್ಥಾನದ ಬಾಗಿಲು ಅಂದು ಎಲ್ಲ ಜಾತಿಗೂ, ಹೆಣ್ಣುಮಕ್ಕಳಿಗೂ ತೆರೆದಿರಲಿಲ್ಲ. ಅದನ್ನು ಬಲ್ಲೆವು. ಆದ್ದರಿಂದಲೇ ಆ ಹುದ್ದೆಯ ಹೆಸರನ್ನು ನಾವು ಎತ್ತಿಕೊಳ್ಳುತ್ತೇವೆ, ಬಾಗಿಲನ್ನು ಇನ್ನೆಂದೂ ಮುಚ್ಚದಂತೆ ತೆಗೆದಿಡುತ್ತೇವೆ. ಇಂದಿನಿಂದ ನಾವು ಭಂಡಾರಿಗರು.

ಕಾಪಾಡುವುದೆಂದರೇನು ಎಂಬುದನ್ನು ನಮಗೆ ಕಲಿಸಿದ್ದು ಮಳಖೇಡ. ಸೇಡಂ ತಾಲೂಕಿನ ಕಾಗಿಣಾ ದಂಡೆಯ ಈ ಊರು ಮಾನ್ಯಖೇಟವಾಗಿದ್ದಾಗ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಕವಿರಾಜಮಾರ್ಗ ಬರೆದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಅದು. ತನಗಿಂತ ಮೊದಲೇ ಇದ್ದ ಗದ್ಯಕಾರರನ್ನು ಅವನು ಹೆಸರಿಸುತ್ತಾನೆ: ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಇವರಲ್ಲಿ ಒಬ್ಬರ ಒಂದು ಕನ್ನಡ ಕೃತಿಯೂ ಇಂದು ನಮ್ಮ ಕೈಯಲ್ಲಿಲ್ಲ. ಹೆಸರು ಉಳಿಯಿತು, ಬರಹ ಹೋಯಿತು.

ಮುಂದೆ ಅದೇ ಊರಿನಲ್ಲಿ, ಮುಮ್ಮಡಿ ಕೃಷ್ಣನ ಆಸ್ಥಾನದಲ್ಲಿ ಪೊನ್ನ ಎರಡು ದೊಡ್ಡ ಕಾವ್ಯ ಬರೆದ. ಭುವನೈಕರಾಮಾಭ್ಯುದಯ ಒಂದು, ಶಾಂತಿಪುರಾಣ ಇನ್ನೊಂದು. ಶಾಂತಿಪುರಾಣವನ್ನು ಬರೆಯಿಸಿದ ಮಲ್ಲಪನ ಮಗಳು ಅತ್ತಿಮಬ್ಬೆ. ಆಕೆ ಆ ಕಾವ್ಯಕ್ಕೆ ಸಾವಿರ ಓಲೆಯ ಪ್ರತಿಗಳನ್ನು ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಹುಟ್ಟುವುದಕ್ಕೆ ನಾನೂರಕ್ಕೂ ಹೆಚ್ಚು ವರ್ಷ ಮೊದಲು ಒಬ್ಬ ಹೆಣ್ಣುಮಗಳು ಮಾಡಿದ ಕೆಲಸವಿದು. ಇಂದು ಶಾಂತಿಪುರಾಣ ನಮ್ಮಲ್ಲಿದೆ, ಭುವನೈಕರಾಮಾಭ್ಯುದಯ ಇಲ್ಲ. ಒಬ್ಬನೇ ಕವಿ, ಒಂದೇ ಊರು, ಒಂದೇ ಕಾಲ. ಪ್ರತಿಯಾದದ್ದು ಉಳಿಯಿತು, ಪ್ರತಿಯಾಗದ್ದು ಅಳಿಯಿತು. ನಮ್ಮ ಚಳವಳಿಯ ಸಿದ್ಧಾಂತವೆಲ್ಲ ಇಷ್ಟೇ. ಇದನ್ನು ನಾವು ಪರದೇಶದ ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಕಾಗಿಣಾ ದಂಡೆಯಲ್ಲಿ ಕಲಿತೆವು.

ಈ ಪಾಠವನ್ನು ಮರೆತ ವ್ಯವಸ್ಥೆ ನಮಗೆ ಏನು ಕೊಟ್ಟಿತು ನೋಡಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ನಟಿಸಿದ ಆ ಚಿತ್ರದ ಒಂದು ಪ್ರಿಂಟೂ ಇಂದು ಉಳಿದಿಲ್ಲ. ಅದಕ್ಕೆ ಹಕ್ಕುದಾರರಿದ್ದರು, ಕಾನೂನಿನ ರಕ್ಷಣೆಯಿತ್ತು. ಪ್ರತಿ ಮಾಡಿ ಊರೂರಿಗೆ ಇಟ್ಟುಕೊಂಡವರು ಮಾತ್ರ ಇರಲಿಲ್ಲ. ಹಕ್ಕುಸ್ವಾಮ್ಯ ಕೃತಿಯನ್ನು ಉಳಿಸುತ್ತದೆಂದು ಹೇಳುವವರು ನಮಗೆ ಸತಿ ಸುಲೋಚನಾ ತೋರಿಸಲಿ.

1957ರ ಹಕ್ಕುಸ್ವಾಮ್ಯ ಕಾಯಿದೆ ಲೇಖಕ ತೀರಿಕೊಂಡ ಮೇಲೆ 50 ವರ್ಷ ಹಕ್ಕು ಇರಲಿ ಎಂದಿತ್ತು. ರವೀಂದ್ರನಾಥ ಠಾಕೂರರ ಕೃತಿಗಳು ಸಾರ್ವಜನಿಕರ ಪಾಲಾಗುವ ಹೊತ್ತಿಗೆ, 1992ರಲ್ಲಿ, ಅದನ್ನು 60ಕ್ಕೆ ಏರಿಸಿದರು. ಒಬ್ಬ ಕವಿಯ ಹೆಸರಿನಲ್ಲಿ ಇಡೀ ದೇಶದ ಓದುಗರು ಹತ್ತು ವರ್ಷ ಹೆಚ್ಚು ಕಾಯಬೇಕಾಯಿತು. ಡಿವಿಜಿಯವರ ಬರಹ ನಮ್ಮೆಲ್ಲರ ಸೊತ್ತಾಗುವುದು 2036ಕ್ಕೆ, ಬೇಂದ್ರೆಯವರದು 2042ಕ್ಕೆ, ಕುವೆಂಪು ಅವರದು 2055ಕ್ಕೆ. ಚಿಂಚೋಳಿಯ ತಾಂಡಾದಲ್ಲಿ ಇಂದು ಅಕ್ಷರ ಕಲಿಯುತ್ತಿರುವ ಮಗು ತನ್ನ ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಿಗೆ. ಆ ನಡುವೆ ಅಚ್ಚಿನಲ್ಲಿ ಇಲ್ಲದೆ, ಅಂಗಡಿಯಲ್ಲಿ ಸಿಗದೆ, ಗ್ರಂಥಾಲಯದ ಮೂಲೆಯಲ್ಲಿ ಗೆದ್ದಲು ಹಿಡಿಯುವ ಪುಸ್ತಕಗಳ ಕಥೆಯನ್ನು ಯಾರು ಕೇಳಬೇಕು? ದೊಡ್ಡ ಹೆಸರಿನವರನ್ನು ಮತ್ತೆ ಮತ್ತೆ ಮುದ್ರಿಸುತ್ತಾರೆ. ಸಣ್ಣ ಹೆಸರಿನವರನ್ನು ಈ ದೀರ್ಘ ಅವಧಿ ಕೊಲ್ಲುತ್ತದೆ.

ದಂಡನೆಯ ವಿಷಯಕ್ಕೆ ಬಂದರೆ ವ್ಯವಸ್ಥೆಗೆ ಎಲ್ಲಿಲ್ಲದ ಚುರುಕು. 2014ರಲ್ಲಿ ಕರ್ನಾಟಕದ ಗೂಂಡಾ ಕಾಯಿದೆಗೆ ತಿದ್ದುಪಡಿ ತಂದು ಹಕ್ಕುಸ್ವಾಮ್ಯ ಉಲ್ಲಂಘಿಸುವ ‘ಡಿಜಿಟಲ್ ಅಪರಾಧಿ’ಗಳನ್ನೂ ಅದರೊಳಗೆ ಸೇರಿಸಿದರು. ವಿಚಾರಣೆಗೆ ಮೊದಲೇ ಒಂದು ವರ್ಷದವರೆಗೂ ಬಂಧನದಲ್ಲಿಡಬಲ್ಲ ಕಾಯಿದೆ ಅದು. 2022ರ ನವೆಂಬರಿನಲ್ಲಿ ಕೆಜಿಎಫ್-2 ಹಾಡಿನ ತುಣುಕೊಂದಕ್ಕಾಗಿ ಒಂದು ರಾಷ್ಟ್ರೀಯ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಯಲು ಬೆಂಗಳೂರಿನ ನ್ಯಾಯಾಲಯ ಆದೇಶಿಸಿತು. ಆ ತುಣುಕನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಆ ಆದೇಶವನ್ನು ಕೂಡಲೇ ರದ್ದುಮಾಡಿತು. ಪಕ್ಷಕ್ಕೆ ವಕೀಲರಿದ್ದರು. ಭಜನಾ ಮೇಳಕ್ಕೆ ಯಾರಿದ್ದಾರೆ? ಕಡಕೋಳ ಮಡಿವಾಳಪ್ಪನವರ ತತ್ವಪದ, ಚೆನ್ನೂರ ಜಲಾಲಸಾಹೇಬರ ಪದ ಯಾರ ಆಸ್ತಿಯೂ ಅಲ್ಲ. ಅವರ ಶಿಷ್ಯ ಪರಂಪರೆ ಬಾಯಿಂದ ಬಾಯಿಗೆ ಅದನ್ನು ದಾಟಿಸಿದ್ದು ಯಾರ ಅನುಮತಿಯನ್ನೂ ಕೇಳಿ ಅಲ್ಲ. ಆದರೆ ಆ ಪದವನ್ನು ಹಾಡಿ ಯೂಟ್ಯೂಬಿಗೆ ಏರಿಸಿದಾಗ, ಅದೇ ಪದದ ಒಂದು ಧ್ವನಿಮುದ್ರಣ ಮಾರುವ ಕಂಪನಿ ಹಕ್ಕಿನ ದೂರು ಕೊಟ್ಟರೆ, ಹಳ್ಳಿಯ ಹಾಡುಗಾರ ಹೆದರಿ ವಿಡಿಯೊ ತೆಗೆದುಹಾಕುತ್ತಾನೆ. 90 ದಿನದಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಯಂತ್ರ ದೂರು ಹಿಡಿಯುತ್ತದೆ, ಯಂತ್ರ ತೀರ್ಪು ಕೊಡುತ್ತದೆ. ನಮ್ಮ ಹಾಡಿನ ಮೇಲೆ ನಮ್ಮ ಹಕ್ಕನ್ನು ನಾವೇ ರುಜುವಾತು ಮಾಡಬೇಕಾದ ಈ ಸ್ಥಿತಿಯನ್ನು ಇನ್ನು ಒಪ್ಪುವುದಿಲ್ಲ.

ಒಪ್ಪದಿರುವುದಕ್ಕೆ ಕಾನೂನಿನೊಳಗೇ ಜಾಗವಿದೆ. ಇದನ್ನು ನಮ್ಮ ಪ್ರತಿಯೊಬ್ಬ ಸಂಗಾತಿಯೂ ಬಾಯಿಪಾಠ ಮಾಡಬೇಕು. ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಮು ಓದಿ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ಮಾಡಿಟ್ಟುಕೊಳ್ಳಬಹುದು. ದೇಶದಲ್ಲಿ ಕೊಳ್ಳಲು ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಬಹುದು. ಕಲಿಸುವಾಗ ಶಿಕ್ಷಕರು, ಕಲಿಯುವಾಗ ವಿದ್ಯಾರ್ಥಿಗಳು ಪ್ರತಿ ಮಾಡಬಹುದು. ಕಣ್ಣು ಕಾಣದವರಿಗಾಗಿ ಪುಸ್ತಕವನ್ನು ಧ್ವನಿಗೆ, ಬ್ರೈಲಿಗೆ ಯಾರು ಬೇಕಾದರೂ ಇಳಿಸಬಹುದು. ಧಾರ್ಮಿಕ ಆಚರಣೆಯಲ್ಲಿ, ಮದುವೆಯ ಮೆರವಣಿಗೆಯಲ್ಲಿ ಹಾಡಿದರೆ ಅದು ಉಲ್ಲಂಘನೆಯೇ ಅಲ್ಲ. ದೂರು ಬಂದಾಗ ಜಾಲತಾಣವೊಂದು ಕೃತಿಯನ್ನು ತಡೆದರೂ, ದೂರುದಾರ 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಅದನ್ನು ಮತ್ತೆ ತೆರೆಯಬಹುದು. ದೆಹಲಿ ವಿಶ್ವವಿದ್ಯಾಲಯದ ರಾಮೇಶ್ವರಿ ಎಂಬ ಜೆರಾಕ್ಸ್ ಅಂಗಡಿಯ ಮೇಲೆ ಜಗತ್ತಿನ ದೊಡ್ಡ ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದವು. 2016ರಲ್ಲಿ ಹೈಕೋರ್ಟ್ ವಿದ್ಯಾರ್ಥಿಗಳ ಪರ ನಿಂತಿತು, ಮರುವರ್ಷ ಪ್ರಕಾಶಕರು ದಾವೆ ಹಿಂದೆಗೆದುಕೊಂಡರು. ನಮ್ಮ ಕಾಲೇಜುಗಳ ಎದುರು ನಿಂತು ಪಾಠಕ್ಕಾಗಿ ಪ್ರತಿ ಮಾಡಿಕೊಡುವ ಜೆರಾಕ್ಸ್ ಅಂಗಡಿಗಳಿಗೆ ಆ ತೀರ್ಪು ಧೈರ್ಯ. ಇಷ್ಟು ಹಕ್ಕು ಕೈಯಲ್ಲಿದ್ದೂ ಅಂಜಿ ಬದುಕಿದ್ದು ಸಾಕು.

ನಮಗಿಂತ ಮುಂದೆ ನಡೆದವರಿದ್ದಾರೆ. ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ವಚನದ ಓಲೆಗರಿ ಕೂಡಿಸಿದರು, ಅಚ್ಚಿನ ಮನೆಗಾಗಿ ಸ್ವಂತ ಮನೆ ಮಾರಿದರು. 1964ರಲ್ಲಿ ತೀರಿಕೊಂಡ ಅವರ ಬರಹಗಳು 2025ರ ಜನವರಿ 1ರಂದು ನಮ್ಮೆಲ್ಲರ ಸೊತ್ತಾದವು. ಆ ದಿನ ನಾಡಿನಲ್ಲಿ ಹಬ್ಬವಾಗಬೇಕಿತ್ತು. ನಿರಂಜನರ ಮನೆಯವರು 2014ರಲ್ಲಿ ಅವರ 55 ಪುಸ್ತಕಗಳನ್ನು ಮುಕ್ತ ಪರವಾನಗಿಗೆ ಒಪ್ಪಿಸಿದರು. ಹಕ್ಕು 2052ರವರೆಗೂ ಇದ್ದರೂ ಕೈಯಾರೆ ಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತಗೊಳಿಸಿತು. ಓಂಶಿವಪ್ರಕಾಶ್ ಮತ್ತು ಗೆಳೆಯರು ಸಂಚಯ ಕಟ್ಟಿ ವಚನಗಳನ್ನು ಹುಡುಕಿ ಓದಲು ಬರುವಂತೆ ಮಾಡಿದರು. ಹಳೆಯ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವಿಗೆ ಸೇರಿಸುವ ಕೆಲಸ ಬೆಂಗಳೂರಿನಲ್ಲಿ ನಡೆದಿದೆ. ಸರಕಾರದ ಹಣದಿಂದ ಕಟ್ಟಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ತಾಣ ಮುಚ್ಚಿಹೋದಾಗ ಅದರ ಲಕ್ಷಗಟ್ಟಲೆ ಪುಸ್ತಕ ಉಳಿದದ್ದೂ ಯಾರೋ ಪ್ರತಿ ಮಾಡಿಟ್ಟಿದ್ದರಿಂದಲೇ. ಅತ್ತಿಮಬ್ಬೆಯ ಕೆಲಸ ನಿಂತಿಲ್ಲ. ಕಲಬುರಗಿ ಜಿಲ್ಲೆಯ ಪಾಲು ಮಾತ್ರ ಬಾಕಿಯಿದೆ.

ಈ ಜಗಳದ ಒಂದು ತುದಿ ನಮ್ಮ ಸಿಮೆಂಟ್ ಕಾರ್ಖಾನೆಗಳ ಗೇಟಿನವರೆಗೂ ಬಂದಿದೆ. ಸೇಡಂ, ಮಳಖೇಡ, ವಾಡಿಯ ಕಾರ್ಖಾನೆಗಳು ಮಾಡುವ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್ ಹೇಗಿರಬೇಕೆಂದು ಹೇಳುವುದು ಐಎಸ್ 269 ಎಂಬ ಭಾರತೀಯ ಮಾನಕ. ಮನೆ ಕಟ್ಟುವವನ ಜೀವ ಕಾಯುವ ಆ ನಿಯಮವನ್ನು ಓದಲು ಬಹುಕಾಲ ದುಡ್ಡು ಕೊಡಬೇಕಿತ್ತು. ಸಾರ್ವಜನಿಕ ಮಾಹಿತಿ ಎಲ್ಲರಿಗೂ ಸಿಗಲೆಂದು ಹೋರಾಡುವ ಕಾರ್ಲ್ ಮಲಮುಡ್ ಮತ್ತು ಅವರ ಭಾರತೀಯ ಸಂಗಾತಿಗಳು ದೆಹಲಿ ಹೈಕೋರ್ಟಿನವರೆಗೆ ಹೋದರು. ಇಂದು ಮಾನಕಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಇನ್ನು ಅವುಗಳನ್ನು ಕನ್ನಡದಲ್ಲಿ, ಗೌಂಡಿಗೆ ಅರ್ಥವಾಗುವಂತೆ ಹೇಳಬೇಕಿದೆ. ಸಿಮೆಂಟಿನ ಧೂಳು ನಮ್ಮ ಎದೆಯಲ್ಲಿದೆ, ಸಿಮೆಂಟಿನ ಜ್ಞಾನವೂ ನಮ್ಮ ತಲೆಯಲ್ಲಿರಲಿ.

ತಂತ್ರಾಂಶದ ಮಾತಿಗೆ ಬರೋಣ. ಇಲ್ಲಿ ನಾವು ನಿಷ್ಠುರವಾಗಿ ಮಾತಾಡುತ್ತೇವೆ.

ನಮ್ಮ ಊರುಗಳ ಬಹುತೇಕ ಕಂಪ್ಯೂಟರುಗಳು ಕದ್ದ ವಿಂಡೋಸಿನ ಮೇಲೆ, ಕದ್ದ ಪೇಜ್‌ಮೇಕರಿನ ಮೇಲೆ ನಡೆದು ಬಂದಿವೆ. ಬಡವರಿಗೆ ಇದೇ ದಾರಿ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನಾವು ಹೇಳುವುದಿಲ್ಲ. ಕದ್ದ ತಂತ್ರಾಂಶವೂ ಪರಾಧೀನತೆಯೇ. ಅದರ ಒಳಗೇನಿದೆ ಎಂದು ನೋಡುವಂತಿಲ್ಲ, ನಮ್ಮ ಭಾಷೆಗೆ ತಿದ್ದುವಂತಿಲ್ಲ, ತಲೆಯೆತ್ತಿ ಇನ್ನೊಬ್ಬರಿಗೆ ಕೊಡುವಂತಿಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಸಾರಿದಾಗ ಕೇಳಿದ್ದು ಇದೇ ಸ್ವಾತಂತ್ರ್ಯವನ್ನು: ಬಳಸುವ, ಅರಿಯುವ, ತಿದ್ದುವ, ಹಂಚುವ ಸ್ವಾತಂತ್ರ್ಯ. ಪಕ್ಕದ ಕೇರಳದ ಸರಕಾರಿ ಶಾಲೆಗಳು ಲಿನಕ್ಸ್ ಮೇಲೆ ಒಂದು ಪೀಳಿಗೆಯನ್ನೇ ಬೆಳೆಸಿದವು. ನಮ್ಮ ಶಾಲೆಗಳ ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದಿದೆ, ಕೀಲಿ ಮುಖ್ಯ ಗುರುಗಳ ಕಪಾಟಿನಲ್ಲಿದೆ. 2025ರ ಅಕ್ಟೋಬರ್ 14ರಂದು ಕಂಪನಿ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಹೊಸ ಆವೃತ್ತಿಯನ್ನು ತಾಳಲಾರದ ಸಾವಿರಾರು ಗಟ್ಟಿಮುಟ್ಟಾದ ಯಂತ್ರಗಳು ಒಂದೇ ಪ್ರಕಟಣೆಯಿಂದ ಮುದಿಯಾದವು. ಶಹಾಬಾದಿನ ಹಿರಿಯರಿಗೆ ಇದು ಹೊಸದಲ್ಲ. ಹಳೆಯ ಸಿಮೆಂಟ್ ಕಾರ್ಖಾನೆ ನಿಂತಾಗಲೂ ತೀರ್ಮಾನ ಬೇರೆಲ್ಲೋ ಆಯಿತು, ಒಲೆ ಆರಿದ್ದು ಇಲ್ಲಿ. ಆ ಯಂತ್ರಗಳನ್ನು ಗುಜರಿಗೆ ಹೋಗಲು ನಾವು ಬಿಡುವುದಿಲ್ಲ. ಲಿನಕ್ಸ್ ಹಾಕಿ, ಲಿಬ್ರೆ ಆಫೀಸ್ ಹಾಕಿ, ಕನ್ನಡದಲ್ಲಿ ಮಾತಾಡಿಸುತ್ತೇವೆ.

ಕನ್ನಡದ ಕಂಪ್ಯೂಟರ್ ಚರಿತ್ರೆಯಲ್ಲಿ ದಾನಿಗಳೂ ಇದ್ದಾರೆ, ಬೇಲಿಗಳೂ ಇವೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆಯೇ ನಾಡಿನ ಬೆರಳುಗಳು ಇಂದೂ ಓಡುತ್ತಿವೆ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಿಂದ ಎಷ್ಟೋ ವರ್ಷ ಉಚಿತವಾಗಿ ಮನೆಮನೆಗೆ ಕನ್ನಡ ತಂದಿತು. ಅವರ ಋಣ ದೊಡ್ಡದು. ಆದರೆ ಅದರ ಒಳಗನ್ನು ತೆರೆದಿರಲಿಲ್ಲ, ಮುಂದೆ ಬೆಲೆಯೂ ಬಂತು. ಸರಕಾರಿ ಕಚೇರಿಗಳು ‘ನುಡಿ’ ತಂತ್ರಾಂಶ ಹಿಡಿದವು. ಹಳೆಯ ನುಡಿಯ ಅಕ್ಷರದಲ್ಲಿ ಟೈಪಾದ ಗ್ರಾಮಸಭೆಯ ಠರಾವು, ಪಹಣಿ ತಕರಾರು, ಜಾತ್ರೆಯ ಕರಪತ್ರ, ಅಜ್ಜನ ಆತ್ಮಕಥೆ ಎಲ್ಲವೂ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ರೋಮನ್ ಅಕ್ಷರಗಳ ಗೋಜಲಾಗಿ ತೆರೆಯುತ್ತವೆ. ಹುಡುಕಿದರೆ ಸಿಗುವುದಿಲ್ಲ, ಮೊಬೈಲಿನಲ್ಲಿ ಓದಲು ಬರುವುದಿಲ್ಲ. ನಮ್ಮದೇ ಭಾಷೆಯಲ್ಲಿ ಬರೆದು ನಮಗೇ ಓದಲು ಬಾರದಂತೆ ಮಾಡಿಟ್ಟ ಇಂಥ ಸೆರೆ ಬೇರೊಂದಿಲ್ಲ. ಬಿಡಿಸುವ ಸಾಧನ ನಮ್ಮ ಕೈಯಲ್ಲಿದೆ. ಯುನಿಕೋಡಿಗೆ ಬದಲಿಸುವ ಮುಕ್ತ ತಂತ್ರಾಂಶಗಳಿವೆ. ಅರವಿಂದ ವಿ.ಕೆ. ಅವರು ಗುಬ್ಬಿ, ನವಿಲು ಎಂಬ ಚೆಂದದ ಫಾಂಟುಗಳನ್ನು ಮುಕ್ತವಾಗಿ ಕೊಟ್ಟಿದ್ದಾರೆ. ಸೇಡಮ್ಮಿನ ಒಂದು ಡಿಟಿಪಿ ಅಂಗಡಿಯ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಆ ಊರಿನ ಇಪ್ಪತ್ತು ವರ್ಷದ ಚರಿತ್ರೆ ಮಲಗಿದೆ: ಮದುವೆ ಪತ್ರಿಕೆ, ಶ್ರದ್ಧಾಂಜಲಿ, ಸಂಘದ ಬೈಲಾ, ಕವನ ಸಂಕಲನ. ಆ ಡಿಸ್ಕು ಕೆಡುವ ಮೊದಲು ನಾವು ಅಲ್ಲಿಗೆ ತಲುಪಬೇಕು. ಡಿಟಿಪಿ ಅಂಗಡಿಯವರೇ, ನಿಮ್ಮನ್ನು ಯಾರೂ ಚರಿತ್ರಕಾರರೆಂದು ಕರೆದಿಲ್ಲ. ನಾವು ಕರೆಯುತ್ತೇವೆ.

ಇನ್ನು ಪರದೆ. ನಮ್ಮವರನ್ನು ಕೇಳಿದರೆ ಟಿವಿ ಬೆಂಗಳೂರಿನಿಂದ ಬಂತು ಎನ್ನುತ್ತಾರೆ. ಸುಳ್ಳು. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ಸೈಟ್ ಎಂಬ ಪ್ರಯೋಗ ನಡೆಸಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಇಳಿಯಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಪಾಠ, ಸಂಜೆ ಒಕ್ಕಲುತನ, ಆರೋಗ್ಯ, ಹಾಡು, ನಾಟಕ. ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಗುಲ್ಬರ್ಗಕ್ಕೆ ಟಿವಿ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಕನ್ನಡ ನಾಡಿನಲ್ಲಿ ಟಿವಿ ಪರದೆ ಮೊದಲು ಬೆಳಗಿದ್ದು ನಮ್ಮ ಹಳ್ಳಿಯ ಶಾಲೆಯ ಪಡಸಾಲೆಯಲ್ಲಿ, ಇಡೀ ಊರು ಒಟ್ಟಿಗೆ ನೆಲದ ಮೇಲೆ ಕೂತು ನೋಡಿದ್ದು. ಕನ್ನಡ ಟಿವಿಯ ಚರಿತ್ರೆ ಬರೆಯುವವರು ಈ ಪುಟವನ್ನು ಹಾರಿಸಿ ಮುಂದೆ ಹೋಗುತ್ತಾರೆ. ಜನರ ತೆರಿಗೆಯಿಂದ ಆದ ಆ ಕಾರ್ಯಕ್ರಮಗಳು ಜನರಿಗೆ ಮರಳಬೇಕು. ಅಂದು ಎಳೆಯರಾಗಿ ಕೂತು ನೋಡಿದವರಿಗೆ ಇಂದು ಅರವತ್ತರ ಆಸುಪಾಸು. ಅವರ ಮಾತನ್ನು ಈಗಲೇ ದಾಖಲಿಸಬೇಕು, ತಡಮಾಡಿದರೆ ಸಿಗುವುದಿಲ್ಲ.

ಆ ಮೇಲೆ ಪರದೆ ನಮ್ಮನ್ನು ಮರೆಯಿತು. ಸಿನಿಮಾದಲ್ಲಿ ನಮ್ಮ ಭಾಗದ ಮಾತು ಬಂದರೆ ಅದು ನಗಿಸುವುದಕ್ಕೆ, ಇಲ್ಲವೇ ಗೌಡರ ಮನೆಯ ಆಳಿನ ಬಾಯಲ್ಲಿ. ದಶಕಗಳ ಕಾಲ ಡಬ್ಬಿಂಗ್ ಬೇಡವೆಂದು ಉದ್ಯಮ ಹಟ ಹಿಡಿಯಿತು. ಜಗತ್ತಿನ ಒಳ್ಳೆಯ ಚಿತ್ರ, ಮಕ್ಕಳ ಕಾರ್ಟೂನು ಕನ್ನಡದಲ್ಲಿ ಬರದೆ ನಮ್ಮ ಮಕ್ಕಳು ತೆಲುಗು, ಹಿಂದಿಯಲ್ಲಿ ನೋಡಿ ಬೆಳೆದರು. 2015ರಲ್ಲಿ ಸ್ಪರ್ಧಾ ಆಯೋಗ ಆ ನಿಷೇಧ ತಪ್ಪೆಂದು ತೀರ್ಪು ಕೊಟ್ಟಿತು, 2017ರಲ್ಲಿ ‘ಸತ್ಯದೇವ್ ಐಪಿಎಸ್’ ಡಬ್ ಆಗಿ ತೆರೆಕಂಡಿತು. ಕನ್ನಡವನ್ನು ಉಳಿಸುವ ಹೆಸರಿನಲ್ಲಿ ಕನ್ನಡದಲ್ಲಿ ನೋಡುವ ಹಕ್ಕನ್ನೇ ಕಿತ್ತುಕೊಂಡ ಆ ಕಾಲ ಮತ್ತೆ ಬರಬಾರದು.

ನಾವು ಪ್ರೀತಿಸುವ ಪರದೆ ಬೇರೆಯಿದೆ. ವಿಎಚ್‌ಎಸ್ ಕ್ಯಾಮೆರಾದಲ್ಲಿ ಹಿಡಿದ ಜಾತ್ರೆಯ ದೊಡ್ಡಾಟ. ಮೊಹರಂ ರಾತ್ರಿಯ ರಿವಾಯತ್ ಪದ. ತಾಂಡಾದ ತೀಜ್ ಹಬ್ಬದಲ್ಲಿ ಹೆಣ್ಣುಮಕ್ಕಳು ಹಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದದ್ದು. ನಾಟಕ ಕಂಪನಿಯ ರಾತ್ರಿ. ವಿಸಿಡಿಯಾಗಿ ಕೈಯಿಂದ ಕೈಗೆ ಓಡಾಡಿದ, ಹೈದರಾಬಾದಿನ ‘ದಿ ಅಂಗ್ರೇಜ್’ ಥರದ ದಖನಿ ಚಿತ್ರಗಳು. ನಮ್ಮ ಹುಡುಗರು ಹೊಲದ ಬದುವಿನಲ್ಲಿ ನಿಂತು ನಮ್ಮದೇ ಮಾತಿನಲ್ಲಿ ಮಾಡುವ ಕಿರುಚಿತ್ರಗಳು. ಇವಕ್ಕೆ ಪ್ರಶಸ್ತಿಯಿಲ್ಲ, ವಿಮರ್ಶೆಯಿಲ್ಲ, ಪತ್ರಾಗಾರವಿಲ್ಲ. ಗೋರ್‌ಬೋಲಿಗೆ ತನ್ನದೇ ಲಿಪಿಯಿಲ್ಲ, ಆದ್ದರಿಂದ ಆ ಭಾಷೆಗೆ ವಿಡಿಯೊವೇ ಗ್ರಂಥ. ಒಂದು ಫೋನು ಒಡೆದರೆ ಒಂದು ಗ್ರಂಥ ಹೋದಂತೆ.

ನಮ್ಮ ನಂಬಿಕೆಯ ಬೇರು ಶಹಾಬಾದ ಸಮೀಪದ ಮರತೂರಿನಲ್ಲಿದೆ. ಅಲ್ಲಿಯ ವಿಜ್ಞಾನೇಶ್ವರ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಮಿತಾಕ್ಷರ ಬರೆದ. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲಿದೆ, ಅಪ್ಪ ಸಾಯುವವರೆಗೆ ಕಾಯಬೇಕಿಲ್ಲ ಎಂದ. ಬಂಗಾಳವನ್ನು ಬಿಟ್ಟು ದೇಶದ ಬಹುಭಾಗ ಅದನ್ನೇ ಕಾನೂನೆಂದು ನಡೆಸಿಕೊಂಡು ಬಂತು. ದೇಶದಾದ್ಯಂತ ಹೆಣ್ಣುಮಕ್ಕಳಿಗೆ ಆ ಸಮಪಾಲು ಸಿಗಲು 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆ ತತ್ವವನ್ನು ನಾವು ಹೊಲಗದ್ದೆಯ ಆಚೆಗೂ ಒಯ್ಯುತ್ತೇವೆ. ಹಿರಿಯರು ಹಾಡಿದ್ದು, ಬರೆದದ್ದು, ಆಡಿದ್ದು, ತೆರಿಗೆಯ ಹಣದಲ್ಲಿ ಕಟ್ಟಿದ್ದು ಎಲ್ಲವೂ ಪಿತ್ರಾರ್ಜಿತ. ಅದರಲ್ಲಿ ಗಂಡು ಹೆಣ್ಣು, ಜಾತಿ ಧರ್ಮ ಎನ್ನದೆ ಈ ನೆಲದ ಪ್ರತಿ ಮಗುವಿಗೂ ಹುಟ್ಟಿನಿಂದಲೇ ಪಾಲಿದೆ. ಮರತೂರಿನ ನೆರೆಯವರಾದ ನಾವು ಇಷ್ಟು ಹೇಳದಿದ್ದರೆ ಇನ್ನಾರು ಹೇಳಬೇಕು?

ಸ್ವಾರ್ಜಿತದ ಮಾತು ಬೇರೆ. ಇಂದು ಬೆವರು ಸುರಿಸಿ ಚಿತ್ರ ಮಾಡುವವರ, ಪುಸ್ತಕ ಬರೆಯುವವರ, ಹಾಡು ಕಟ್ಟುವವರ ಅನ್ನಕ್ಕೆ ನಾವು ಕೈಹಾಕುವುದಿಲ್ಲ. ಹೊಸ ಸಿನಿಮಾವನ್ನು ಬಿಡುಗಡೆಯ ದಿನವೇ ಟೆಲಿಗ್ರಾಮಿನಲ್ಲಿ ಹರಿಬಿಡುವವರು ನಮ್ಮ ಸಂಗಾತಿಗಳಲ್ಲ. ನಾವು ಕೊಂಡು ಓದುತ್ತೇವೆ, ಟಿಕೆಟ್ ತೆಗೆದು ನೋಡುತ್ತೇವೆ, ನಮ್ಮ ಹಾಡುಗಾರರಿಗೆ ಸಂಭಾವನೆ ಕೊಡಿಸುತ್ತೇವೆ. ದುಡಿದವನಿಗೆ ಕೂಲಿ ಸಿಗದ ಊರುಗಳಿಂದ ಬಂದವರು ನಾವು, ಕೂಲಿಯ ಬೆಲೆ ನಮಗೆ ಗೊತ್ತು.

ನಮ್ಮ ಕೆಲಸ ಹೀಗೆ ನಡೆಯಲಿದೆ. ಐದೂ ಊರುಗಳಲ್ಲಿ ಒಂದೊಂದು ಭಂಡಾರ ಇರುತ್ತದೆ. ಅದಕ್ಕೆ ಕಟ್ಟಡ ಬೇಡ. ಅರಿವು ಕೇಂದ್ರದ ಒಂದು ಮೂಲೆ, ಲಿನಕ್ಸ್ ಹಾಕಿದ ಒಂದು ಹಳೆಯ ಕಂಪ್ಯೂಟರು, ಎರಡು ಹಾರ್ಡ್‌ಡಿಸ್ಕು, ಒಂದು ಸ್ಕ್ಯಾನರು, ಕ್ಯಾಸೆಟ್ ಓಡಿಸುವ ಒಂದು ಟೇಪ್ ರೆಕಾರ್ಡರು ಸಾಕು. ಒಂದು ಊರಿನ ಭಂಡಾರದಲ್ಲಿ ಸೇರಿದ್ದು ಉಳಿದ ನಾಲ್ಕರಲ್ಲೂ ಇರುತ್ತದೆ. ಸಾರ್ವಜನಿಕರ ಪಾಲಾದದ್ದನ್ನು ಕನ್ನಡ ವಿಕಿಸೋರ್ಸಿಗೂ ಇಂಟರ್ನೆಟ್ ಆರ್ಕೈವಿಗೂ ಏರಿಸುತ್ತೇವೆ. ಉಳಿದದ್ದನ್ನು ಕಾನೂನು ಬಿಟ್ಟಷ್ಟೇ ತೆರೆದಿಡುತ್ತೇವೆ. ಹಾಡಿದವರ, ಹೇಳಿದವರ ಹೆಸರು ಮತ್ತು ಊರು ಇಲ್ಲದೆ ಯಾವುದನ್ನೂ ಸೇರಿಸುವುದಿಲ್ಲ. ಹೊರಗೆ ಹೋಗಬಾರದೆಂದು ಒಂದು ಮನೆತನ, ಒಂದು ತಾಂಡಾ, ಒಂದು ದರ್ಗಾ ಹೇಳಿದರೆ ಅದು ಹೊರಗೆ ಹೋಗುವುದಿಲ್ಲ. ಕೊಡುವ ಸ್ವಾತಂತ್ರ್ಯದಷ್ಟೇ ಕೊಡದಿರುವ ಸ್ವಾತಂತ್ರ್ಯವೂ ಜನರದು.

ಸರಕಾರವನ್ನು ನಾವು ಕೇಳುವುದು ಕಡಿಮೆ. ಅಕಾಡೆಮಿಗಳು, ಪುಸ್ತಕ ಪ್ರಾಧಿಕಾರ, ವಿಶ್ವವಿದ್ಯಾಲಯಗಳು ಜನರ ಹಣದಿಂದ ತಂದ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿ ಹೊರಬರಲಿ. ಮೈಸೂರು ದಾರಿ ತೋರಿಸಿದೆ. ಸಂವಿಧಾನದ 371(ಜೆ) ವಿಧಿಯ ಹೆಸರಿನಲ್ಲಿ ನಮ್ಮ ಭಾಗಕ್ಕೆ ಬರುವ ಹಣದಲ್ಲಿ ಕೊಳ್ಳುವ ಕಂಪ್ಯೂಟರು, ತಂತ್ರಾಂಶ, ಪಾಠದ ವಿಡಿಯೊ ಯಾವುದೂ ಬೀಗ ಹಾಕಿಕೊಂಡು ಬರಬಾರದು. ಪಂಚಾಯತಿಯ ಠರಾವಿನಿಂದ ಹಿಡಿದು ಎಲ್ಲ ಕಡತಗಳೂ ಯುನಿಕೋಡಿನಲ್ಲಿರಲಿ.

ಪ್ರತಿ ವರ್ಷ ಜನವರಿ 1 ನಮ್ಮ ಹಬ್ಬ. ಕಾನೂನು ಅಂದು ಒಂದು ವರ್ಷದ ಕೃತಿಗಳನ್ನು ಜನರಿಗೆ ಬಿಟ್ಟುಕೊಡುತ್ತದೆ. ಸಿನಿಮಾಕ್ಕೆ ಹಕ್ಕು ತೆರೆಕಂಡ ಮೇಲೆ 60 ವರ್ಷ. ‘ಬೇಡರ ಕಣ್ಣಪ್ಪ’ 2015ರಲ್ಲೇ ನಮ್ಮದಾಯಿತು. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’, ಜೊತೆಗೆ ‘ನಾಂದಿ’, ‘ಚಂದವಳ್ಳಿಯ ತೋಟ’ 2025ಕ್ಕೆ ಬಂದವು. 1965ರ ‘ಸತ್ಯ ಹರಿಶ್ಚಂದ್ರ’ದ ಮೂಲ ಕಪ್ಪುಬಿಳುಪಿನ ಚಿತ್ರಕ್ಕೆ 2026, ‘ಸಂಧ್ಯಾರಾಗ’ಕ್ಕೆ 2027. ಹಾಡಿನ ಸಾಹಿತ್ಯಕ್ಕೆ, ಸಂಗೀತಕ್ಕೆ ಲೆಕ್ಕ ಬೇರೆಯಿದೆ, ಅದನ್ನು ಪರಿಶೀಲಿಸಿಯೇ ಮುಂದುವರಿಯುತ್ತೇವೆ. ಜನವರಿ 1ರ ರಾತ್ರಿ ಐದೂ ಊರುಗಳಲ್ಲಿ ಬಯಲಿನಲ್ಲಿ ಪರದೆ ಕಟ್ಟುತ್ತೇವೆ. ಮೊದಲು ನಮ್ಮ ಹುಡುಗಿಯರು ಮಾಡಿದ ಕಿರುಚಿತ್ರ, ಆಮೇಲೆ ಹಳೆಯ ಚಿತ್ರ. ಟಿಕೆಟ್ ಇರುವುದಿಲ್ಲ.

ಸಂಗಾತಿಗಳೇ, ಬರುವಾಗ ಬರಿಗೈಯಲ್ಲಿ ಬರಬೇಡಿ. ಅಟ್ಟದ ಮೇಲಿನ ಕ್ಯಾಸೆಟ್ಟು, ಮದುವೆಯ ವಿಎಚ್‌ಎಸ್ ಟೇಪು, ಮಠದ ಗಂಟಿನಲ್ಲಿರುವ ಓಲೆಗರಿ, ಅಜ್ಜಿಯ ಹಾಡಿನ ನೋಟ್‌ಬುಕ್ಕು, ಉರ್ದು ಅಕ್ಷರದಲ್ಲಿ ಅಜ್ಜ ಬರೆದಿಟ್ಟ ಕನ್ನಡ ಪದ, ಗಿರಾಕಿ ಮರೆತುಹೋದ ಡಿಟಿಪಿ ಫೈಲು, ಚಾಲೂ ಆಗದ ಲ್ಯಾಪ್‌ಟಾಪು, ಏನಿದೆಯೋ ಅದನ್ನು ತನ್ನಿ. ಹಾಡಲು ಬರುವ ಹಿರಿಯರನ್ನು ಕೈಹಿಡಿದು ಕರೆತನ್ನಿ. ಪ್ರತಿ ಮಾಡಿಕೊಂಡು ಮೂಲವನ್ನು ಅದೇ ದಿನ ನಿಮ್ಮ ಕೈಗೆ ಕೊಡುತ್ತೇವೆ. ಕನ್ನಡ ಟೈಪ್ ಮಾಡಲು, ಸ್ಕ್ಯಾನ್ ಮಾಡಲು, ಲಿನಕ್ಸ್ ಹಾಕಲು ಬಾರದಿದ್ದರೆ ಭಾನುವಾರ ಬನ್ನಿ, ಕಲಿಸುತ್ತೇವೆ. ಈ ಕೆಲಸ ಬಂದರೆ ಶನಿವಾರವೇ ಬನ್ನಿ, ಕಲಿಸುವವರು ನಮಗೆ ಬೇಕಾಗಿದ್ದಾರೆ.